ಚೌಕಾಬಾರವನ್ನು ಕಂಪ್ಯೂಟರ್ ಆಟವಾಗಿ ಬರೆಯಬೇಕು: ಯಾವ ಭಾಷೆಯಿಂದ ಶುರು ಮಾಡಲಿ?

ವಸುಧಾ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮಿಂಗ್ ಕಲಿತವಳಲ್ಲ. ಬಿ.ಕಾಂ. ಮುಗಿಸಿ ಇಲ್ಲಿಯ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಕ್ಸೆಲ್‌ನಲ್ಲಿ ವಿಲುಕಪ್ (ಒಂದು ಪಟ್ಟಿಯಲ್ಲಿ ಹುಡುಕಿ ಬೆಲೆ ತರುವ ಸೂತ್ರ), ಒಂದು ಇಫ್ ಒಳಗೆ ಇನ್ನೊಂದು ಇಫ್, ಇಷ್ಟರ ಮಟ್ಟಿಗೆ ಸೂತ್ರ ಬರೆಯಬಲ್ಲೆ. ಅಷ್ಟಕ್ಕೇ ಕಚೇರಿಯಲ್ಲಿ ನನ್ನನ್ನು ಕಂಪ್ಯೂಟರ್ ಪಂಡಿತೆ ಎನ್ನುತ್ತಾರೆ.

ಈಗ ಒಂದು ಹುಚ್ಚು ಹಿಡಿದಿದೆ. ಚೌಕಾಬಾರ ಆಟವನ್ನು ಕಂಪ್ಯೂಟರಿನಲ್ಲಿ ಆಡುವಂತೆ ನಾನೇ ಮಾಡಬೇಕು. ಮೊಬೈಲಿಗೆ ಸಿದ್ಧ ಆಟಗಳು ಸಿಗುತ್ತವೆ, ಗೊತ್ತು. ಒಂದನ್ನು ಹಾಕಿಕೊಂಡು ನೋಡಿದೆ. ಎರಡು ನಡೆಗೊಂದು ಜಾಹೀರಾತು ಬರುವುದನ್ನು ಸಹಿಸಬಹುದು. ಆದರೆ ಎದುರಾಳಿಯ ಒಂದು ಕಾಯಿಯನ್ನೂ ಕಡಿಯದವರನ್ನು ಅದು ಒಳಸುತ್ತಿಗೆ ಬಿಟ್ಟುಬಿಡುತ್ತದೆ! ನಮ್ಮ ಅಜ್ಜಿ ಇದ್ದಿದ್ದರೆ ಕವಡೆಗಳನ್ನು ಸೆರಗಿಗೆ ಕಟ್ಟಿಕೊಂಡು ಎದ್ದುಹೋಗುತ್ತಿದ್ದರು. ನಮ್ಮ ಮನೆಯ ನಿಯಮದ ಚೌಕಾಬಾರ ಬೇಕು, ಮೈಸೂರಿನಲ್ಲಿರುವ ನನ್ನ ತಂಗಿಗೂ ಕಳುಹಿಸಬೇಕು. ಅವಳು ಅವಳ ಮಕ್ಕಳ ಜೊತೆ ಆಡಿಕೊಳ್ಳಲಿ.

ನನ್ನ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್, ವಿಂಡೋಸ್ 10. ಇಂಟರ್‌ನೆಟ್ ಎಂದರೆ ಮೊಬೈಲಿನದು. ಮಳೆಗಾಲದಲ್ಲಿ ಕರೆಂಟು ಹೋದರೆ ಹಿಂದೆಯೇ ಸಿಗ್ನಲ್ಲೂ ಹೋಗುತ್ತದೆ. ಆದ್ದರಿಂದ ನೆಟ್ ಇಲ್ಲದೆಯೂ ಕೆಲಸ ಮಾಡಲು ಬರಬೇಕು. ಏಳನೇ ತರಗತಿಯಲ್ಲಿರುವ ಅಣ್ಣನ ಮಗ ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್‌ನಲ್ಲಿ ಬೆಕ್ಕನ್ನು ಓಡಾಡಿಸುತ್ತಾನೆ, "ಅತ್ತೆ, ನಿಮಗೆ ಇದೇ ಸಾಕು" ಎನ್ನುತ್ತಾನೆ. ಕಚೇರಿಗೆ ಬರುವ ಕಂಪ್ಯೂಟರ್ ರಿಪೇರಿಯವರು ಮೊದಲು ಸಿ ಕಲಿಯಬೇಕು ಎನ್ನುತ್ತಾರೆ. ಇಂಗ್ಲಿಷ್ ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳುತ್ತೇನೆ. ಎಲ್ಲಿಂದ ಶುರು ಮಾಡಲಿ? ಪರದೆಯ ಮೇಲೆ ಕನ್ನಡ ಅಕ್ಷರ ಬರುವುದು ಸಾಧ್ಯವೇ?

ಹಾವುಪ್ರಿಯ

ಸಿ ಭಾಷೆಯ ಮಾತನ್ನು ಸದ್ಯಕ್ಕೆ ಮರೆತುಬಿಡಿ ಮೇಡಂ. ನಿಮಗೆ ಪೈಥಾನ್ ಸರಿ. ತಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗಾಗಿಯೇ ಮಾಡಿದ ಥಾನಿ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಪೈಥಾನ್ ಅದರೊಳಗೇ ಬರುತ್ತದೆ. ಕೋಡನ್ನು ಒಂದೊಂದೇ ಹೆಜ್ಜೆ ನಡೆಸಿ, ಯಾವ ವೇರಿಯಬಲ್‌ನಲ್ಲಿ (ಬೆಲೆ ಇಟ್ಟುಕೊಳ್ಳುವ ಹೆಸರಿನಲ್ಲಿ) ಏನಿದೆ ಎಂದು ಪಕ್ಕದಲ್ಲೇ ನೋಡಬಹುದು. ಆಟಕ್ಕೆ ಪೈಗೇಮ್ ಜೀರೋ ಸೇರಿಸಿಕೊಳ್ಳಿ. ಪೈಗೇಮ್ 2000ದಿಂದ ಇರುವಂಥದ್ದು. ಅದರ ಮೇಲೆ ತರಗತಿಗಳಿಗಾಗಿ ಡ್ಯಾನಿಯಲ್ ಪೋಪ್ 2015ರಲ್ಲಿ ಈ ಜೀರೋ ರೂಪವನ್ನು ತಂದರು. ಡ್ರಾ ಎಂಬ ಒಂದು ಫಂಕ್ಷನ್ (ಹೆಸರಿಟ್ಟ ಕೋಡಿನ ತುಂಡು), ಅಪ್‌ಡೇಟ್ ಎಂಬ ಇನ್ನೊಂದು, ಅಷ್ಟರಲ್ಲೇ ಆಟ ಓಡುತ್ತದೆ. ಚಿತ್ರಗಳ ಫೈಲಿನ ಹೆಸರು ಸಣ್ಣ ಅಕ್ಷರಗಳಲ್ಲೇ ಇರಬೇಕು, ಅದನ್ನು ಮಾತ್ರ ಗಮನಿಸಿ.

ಇನ್ನೊಂದು ಲಾಭ: ನೀವು ಲೆಕ್ಕಪತ್ರದವರು. ಓಪನ್‌ಪೈಎಕ್ಸೆಲ್ ಎಂಬ ಲೈಬ್ರರಿಯಿಂದ ಎಕ್ಸೆಲ್ ಫೈಲುಗಳನ್ನು ಪೈಥಾನ್‌ನಲ್ಲೇ ಓದಿ ಬರೆಯಬಹುದು. ಆಟಕ್ಕೆಂದು ಕಲಿತದ್ದು ಮಾರ್ಚ್ ತಿಂಗಳ ಲೆಕ್ಕಕ್ಕೂ ಬಂದೀತು.

ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. 'ಕವಡೆ', 'ಕಾಯಿ', 'ಸರದಿ' ಎಲ್ಲವೂ ನಡೆಯುತ್ತವೆ. ಆದರೆ 'ಅಪ್‌ಡೇಟ್' ಎಂಬಂಥ ಪದಗಳಲ್ಲಿ ಒತ್ತಕ್ಷರ ಬಾರದಂತೆ ತಡೆಯಲು ನಾವು ಒತ್ತುವ ಕಣ್ಣಿಗೆ ಕಾಣದ ಅಕ್ಷರವೊಂದಿದೆಯಲ್ಲ, ಅದು ಹೆಸರಿನಲ್ಲಿ ನುಸುಳಿದರೆ ಪೈಥಾನ್ ಒಪ್ಪುವುದಿಲ್ಲ. ಎರರ್ ಏಕೆ ಬಂತೆಂದು ಪರದೆಯನ್ನು ಎಷ್ಟು ದಿಟ್ಟಿಸಿದರೂ ತಿಳಿಯದು.

ಕಿರಣ, ಡಿಪ್ಲೊಮಾ ಎರಡನೇ ವರ್ಷ

ಅಕ್ಕ, ನನ್ನ ಮತ ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶಕ್ಕೆ. ಉಚಿತ, ಮುಕ್ತ ಆಕರದ್ದು, ಇನ್‌ಸ್ಟಾಲ್ ಮಾಡುವ ರಗಳೆಯೂ ಇಲ್ಲ. ಇಳಿಸಿಕೊಂಡ ಫೈಲನ್ನು ತೆರೆದರೆ ಆಯಿತು. ಅದರ ಜಿಡಿಸ್ಕ್ರಿಪ್ಟ್ ಭಾಷೆ ನೋಡಲು ಪೈಥಾನ್ ಹಾಗೆಯೇ ಇದೆ. ಮುಗಿದ ಆಟವನ್ನು ಆಂಡ್ರಾಯ್ಡ್‌ಗೂ ಬ್ರೌಸರಿಗೂ ಅದರಿಂದಲೇ ಹೊರತೆಗೆಯಬಹುದು. ಹೊಸ ಪ್ರಾಜೆಕ್ಟ್ ತೆರೆಯುವಾಗ ಕಂಪ್ಯಾಟಿಬಿಲಿಟಿ ಎಂಬ ಆಯ್ಕೆ ಕೊಡಿ, ಹಳೆಯ ಲ್ಯಾಪ್‌ಟಾಪಿಗೆ ಅದೇ ಹಗುರ.

ಒಂದು ಎಚ್ಚರಿಕೆ. ಗೋಡೋ 4 ಬಂದದ್ದು ಮಾರ್ಚ್ 2023ರಲ್ಲಿ. ಅದಕ್ಕಿಂತ ಹಿಂದಿನ ವಿಡಿಯೊ ಪಾಠಗಳಲ್ಲಿರುವ ಕೋಡು ಈಗ ಹಾಗೆಯೇ ನಡೆಯುವುದಿಲ್ಲ. ಯೀಲ್ಡ್ ಹೋಗಿ ಅವೇಟ್ ಬಂದಿದೆ, ಇನ್‌ಸ್ಟನ್ಸ್ ಎಂಬುದು ಇನ್‌ಸ್ಟ್ಯಾನ್ಶಿಯೇಟ್ ಆಗಿದೆ. ಪಾಠದಲ್ಲಿ 4 ಎಂದು ಇದೆಯೇ ನೋಡಿಕೊಂಡು ಕುಳಿತುಕೊಳ್ಳಿ.

ಅಚ್ಚುಮೊಳೆ

ವಸುಧಾ ಅವರೇ, ಗದಗಿನಲ್ಲಿ ನನ್ನದೊಂದು ಸಣ್ಣ ಅಚ್ಚುಕೂಟ. ಹಗಲೆಲ್ಲ ಲಗ್ನಪತ್ರಿಕೆ, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ರಾತ್ರಿ ಷಟರ್ ಎಳೆದ ಮೇಲೆ ಚಿಕ್ಕಪುಟ್ಟ ಆಟ ಬರೆಯುವ ಚಟ. ಯಾವ ಕಾಲೇಜಿನಲ್ಲೂ ಇದನ್ನು ಕಲಿತಿಲ್ಲ, ಹಾಗಾಗಿ ಮೇಲಿನ ಇಬ್ಬರಷ್ಟು ನಯವಾಗಿ ಹೇಳಲು ಬಾರದು. ನಿಮಗೆ ಬೇಕಾದದ್ದು ಲುವಾ ಭಾಷೆ, ಅದರ ಜೊತೆಗೆ ಲವ್ ಎಂಬ ಆಟದ ಚೌಕಟ್ಟು. ಹೆಸರು ಕೇಳಿ ನಗಬೇಡಿ. ಕಂಪ್ಯೂಟರಿನಲ್ಲಿ 'ಲವ್' ಎಂದು ಹುಡುಕಿದ ದಾಖಲೆ ಕಂಡು ನಮ್ಮ ಮನೆಯಲ್ಲಿ ಒಮ್ಮೆ ವಿಚಾರಣೆಯೇ ನಡೆದಿದೆ.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲಿನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಪೆಟ್ರೋಬ್ರಾಸ್ ಎಂಬ ತೈಲ ಕಂಪನಿಯ ಎಂಜಿನಿಯರುಗಳು ಪ್ರೋಗ್ರಾಮಿಂಗ್ ವೃತ್ತಿಯವರಲ್ಲ. ಅವರೂ ಬರೆಯುವಂತಿರಬೇಕು ಎಂಬ ಅಗತ್ಯದಿಂದ ಬೆಳೆದ ಭಾಷೆ ಇದು. ಆದ್ದರಿಂದಲೇ ಚಿಕ್ಕದು. ಲವ್ ಬಳಸುವುದು ಲುವಾ 5.1ರ ರೂಪವನ್ನು, ಅದರಲ್ಲಿ ಕಾದಿರಿಸಿದ ಪದಗಳು ಒಟ್ಟು 21. ಇಪ್ಪತ್ತೊಂದು ಇಂಗ್ಲಿಷ್ ಪದ ನಿಮಗೆ ಹೊರೆಯಾಗಲಾರವು. ದತ್ತಾಂಶ ಇಡಲು ಪಟ್ಟಿ, ನಿಘಂಟು, ಗಣ ಎಂದು ಹತ್ತು ಬಗೆ ಇಲ್ಲ, ಟೇಬಲ್ ಎಂಬ ಒಂದೇ ಒಂದು ಇದೆ. ಎಕ್ಸೆಲ್ ಹಾಳೆಯನ್ನು ಕಂಡವರಿಗೆ ಅದು ಒಂದು ಸಂಜೆಯಲ್ಲಿ ಒಗ್ಗುತ್ತದೆ. ಸಾಲುಗಳ ಎಣಿಕೆಯೂ ಎಕ್ಸೆಲ್‌ನಂತೆ 1ರಿಂದಲೇ ಶುರು, ಪೈಥಾನ್‌ನಲ್ಲಿ ಸೊನ್ನೆಯಿಂದ. ಪಂಡಿತರು ಇದನ್ನೇ ಹಿಡಿದು ಲುವಾವನ್ನು ಗೇಲಿ ಮಾಡುತ್ತಾರೆ. ಚೌಕಾಬಾರಕ್ಕೆ ಇದು ಎಷ್ಟು ಹೊಂದುತ್ತದೆ ಎಂಬುದನ್ನು ಮುಂದೆ ನೋಡುವಿರಿ.

2024ರಲ್ಲಿ ಜಗತ್ತೆಲ್ಲ ಮುಗಿಬಿದ್ದು ಆಡಿದ ಬಲಾಟ್ರೊ ಎಂಬ ಇಸ್ಪೀಟಿನ ಆಟ ಬರೆದಿರುವುದು ಇದೇ ಲವ್‌ನಲ್ಲಿ. ಎಲೆ, ಕಾಯಿ, ಮಣೆಯ ಆಟಗಳಿಗೆ ದೊಡ್ಡ ಯಂತ್ರ ಬೇಕಾಗಿಲ್ಲ.

ಸ್ಕ್ರ್ಯಾಚ್ ಬಗ್ಗೆ ಒಂದು ಮಾತು. ನಿಮ್ಮ ಅಣ್ಣನ ಮಗನನ್ನು ಬಯ್ಯಬೇಡಿ, ಅವನ ವಯಸ್ಸಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದರಲ್ಲಿ ಪಟ್ಟಿಯೊಳಗೆ ಪಟ್ಟಿ ಇಡಲು ಬರುವುದಿಲ್ಲ. ನಾಲ್ವರು ಆಟಗಾರರು, ತಲಾ ನಾಲ್ಕು ಕಾಯಿ, ಒಬ್ಬೊಬ್ಬರಿಗೂ ಬೇರೆ ದಾರಿ ಎಂದಾಗ ಆ ಬಣ್ಣದ ತುಂಡುಗಳನ್ನು ಜೋಡಿಸಿ ಜೋಡಿಸಿ ಕೈಸೋಲುತ್ತದೆ.

ಲವ್ ಹತ್ತು ಎಂಬಿಯೂ ಇಲ್ಲ. ಅದರ ಸ್ವಂತ ತಾಣದಿಂದ ಜಿಪ್ ಇಳಿಸಿಕೊಂಡು ಬಿಡಿಸಿಡಿ. ಆಮೇಲೆ ನೆಟ್ ಬೇಡವೇ ಬೇಡ. ಬರೆಯಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು. ಚೌಕಾಬಾರ ಎಂದು ಒಂದು ಫೋಲ್ಡರ್ ಮಾಡಿ (ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ), ಒಳಗೆ ಮೇನ್ ಡಾಟ್ ಲುವಾ ಎಂಬ ಫೈಲ್ ಇಟ್ಟು, ಇಡೀ ಫೋಲ್ಡರನ್ನು ಎಳೆದು ಲವ್‌ನ ಐಕಾನ್ ಮೇಲೆ ಬಿಡಿ. ಆಟ ತೆರೆಯುತ್ತದೆ. ಓಡಿಸಲು ಕೋಡೇ ಇಲ್ಲ ಎಂಬ ದೂರು ಬಂದರೆ ವಿಂಡೋಸ್ ನಿಮ್ಮ ಫೈಲಿನ ಬಾಲಕ್ಕೆ ಗುಟ್ಟಾಗಿ ಡಾಟ್ ಟಿಎಕ್ಸ್‌ಟಿ ಅಂಟಿಸಿದೆ ಎಂದು ತಿಳಿಯಿರಿ. ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಆ ಬಾಲ ಕಾಣುತ್ತದೆ.

ಫೈಲಿನೊಳಗೆ ಮೂರು ಫಂಕ್ಷನ್‌ಗಳು. ಲೋಡ್ ಎಂಬುದು ಆಟ ತೆರೆದಾಗ ಒಮ್ಮೆ ಮಾತ್ರ ನಡೆಯುತ್ತದೆ. ಅಪ್‌ಡೇಟ್ ಮತ್ತು ಡ್ರಾ ಸೆಕೆಂಡಿಗೆ ಸಾಮಾನ್ಯವಾಗಿ ಅರವತ್ತು ಸಲ ನಡೆಯುತ್ತಲೇ ಇರುತ್ತವೆ. ಮೊದಲನೆಯದು ಲೆಕ್ಕಕ್ಕೆ, ಎರಡನೆಯದು ಬರಿಯ ಚಿತ್ರಕ್ಕೆ. ಡ್ರಾ ಒಳಗೆ ಲೆಕ್ಕ ಬೆರೆಸಬೇಡಿ. ಅಪ್‌ಡೇಟ್‌ಗೆ ಡಿಟಿ ಎಂಬ ಸಂಖ್ಯೆಯೊಂದು ಸಿಗುತ್ತದೆ, ಹಿಂದಿನ ಸುತ್ತಿನಿಂದ ಎಷ್ಟು ಸೆಕೆಂಡ್ ಕಳೆಯಿತು ಎಂಬ ಲೆಕ್ಕ ಅದು. ಕಾಯಿ ಒಂದೊಂದೇ ಮನೆ ನಡೆಯುವುದನ್ನು ತೋರಿಸಲು ಆ ಡಿಟಿಯನ್ನು ಕೂಡಿಸುತ್ತ ಹೋಗಿ, ಮೊತ್ತ ಕಾಲು ಸೆಕೆಂಡ್ ದಾಟಿದಾಗ ಒಂದು ಮನೆ ಮುಂದೆ ಸರಿಸಿ. ಹೀಗೆ ಮಾಡಿದರೆ ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲೂ ತಂಗಿಯ ಹೊಸ ಕಂಪ್ಯೂಟರಿನಲ್ಲೂ ಕಾಯಿ ಒಂದೇ ವೇಗದಲ್ಲಿ ನಡೆಯುತ್ತದೆ.

ಈಗ ಮಣೆ. ಕಿಟಕಿ ತಾನಾಗಿ 800ಕ್ಕೆ 600 ಪಿಕ್ಸೆಲ್ ಇರುತ್ತದೆ. ಒಂದು ಮನೆಗೆ 100 ಪಿಕ್ಸೆಲ್, ಮೇಲೆ ಮತ್ತು ಎಡಕ್ಕೆ 50 ಬಿಡಿ. ಐದು ಮನೆ ಅಡ್ಡ, ಐದು ಮನೆ ಉದ್ದ ಸರಿಯಾಗಿ ಕೂರುತ್ತವೆ, ಬಲಗಡೆ ಕವಡೆಗೆ ಜಾಗವೂ ಉಳಿಯುತ್ತದೆ. ಮೌಸ್ ಒತ್ತಿದ ಜಾಗದಿಂದ 50 ಕಳೆದು, 100ರಿಂದ ಭಾಗಿಸಿ, ದಶಾಂಶ ಬಿಟ್ಟು, 1 ಕೂಡಿಸಿದರೆ ಯಾವ ಮನೆ ಎಂದು ಸಿಕ್ಕಿತು.

ದಾರಿಯನ್ನು ಟೇಬಲ್ ಆಗಿ ಬರೆಯಿರಿ, ಸೂತ್ರ ಕಟ್ಟಲು ಹೋಗಬೇಡಿ. ಎಡದಿಂದ ಬಲಕ್ಕೆ ಎಣಿಸಿದ ಸಂಖ್ಯೆ ಮೊದಲು, ಮೇಲಿನಿಂದ ಕೆಳಕ್ಕೆ ಎಣಿಸಿದ ಸಂಖ್ಯೆ ಆಮೇಲೆ ಎಂದು ಇಟ್ಟುಕೊಳ್ಳೋಣ. ಕೆಳಗೆ ಕುಳಿತವರ ಕಟ್ಟೆ, ಅಂದರೆ ಕಾಯಿ ಹೊರಡುವ ಮನೆ, 3,5. ಅಲ್ಲಿಂದ ಬಲಕ್ಕೆ 4,5, ಮೂಲೆ 5,5, ಹಾಗೆಯೇ ಮೇಲೆ ಹತ್ತಿ, ಎಡಕ್ಕೆ ಹೋಗಿ, ಇಳಿದು, 2,5ಕ್ಕೆ ಬಂದರೆ ಹೊರಸುತ್ತಿನ 16 ಮನೆ ಮುಗಿಯಿತು. ಒಳಕ್ಕೆ 2,4. ಇಲ್ಲಿ ದಿಕ್ಕು ತಿರುಗುತ್ತದೆ: 2,3, ನಂತರ 2,2, 3,2, 4,2, 4,3, 4,4, 3,4. ಎಂಟಾಯಿತು. ಕೊನೆಗೆ ನಡುಮನೆ 3,3, ಕಾಯಿ ಹಣ್ಣು. ಒಟ್ಟು 25 ನಮೂದು. ಉಳಿದ ಮೂವರ ದಾರಿಯನ್ನು ಕೈಯಾರೆ ಬರೆಯುವ ಕೆಲಸವಿಲ್ಲ. ಪ್ರತಿ ಮನೆಯ ಎರಡು ಸಂಖ್ಯೆಗಳಲ್ಲಿ ಎರಡನೆಯದನ್ನು 6ರಿಂದ ಕಳೆದು ಮೊದಲನೆಯದಾಗಿಸಿ, ಹಳೆಯ ಮೊದಲನೆಯದನ್ನು ಎರಡನೆಯದಾಗಿಸಿ. 3,5 ಎಂಬುದು 1,3 ಆಗುತ್ತದೆ, ಅಂದರೆ ಎಡಗಡೆಯವರ ಕಟ್ಟೆ. ಇನ್ನೊಮ್ಮೆ ಮಾಡಿದರೆ 3,1. ಮತ್ತೊಮ್ಮೆ, 5,3. ಮಣೆಯನ್ನು ಕಾಲು ಸುತ್ತು ತಿರುಗಿಸಿದಂತೆ, ನಾಲ್ಕು ಸಾಲು ಕೋಡಿನಲ್ಲಿ ನಾಲ್ವರ ದಾರಿಯೂ ಸಿದ್ಧ.

ಕಾಯಿ ಎಲ್ಲಿದೆ ಎಂಬುದಕ್ಕೆ ಅದರ ದಾರಿಯಲ್ಲಿ ಎಷ್ಟನೆಯ ಮನೆ ಎಂಬ ಒಂದು ಸಂಖ್ಯೆ ಸಾಕು. ಆದರೆ ಕಡಿಯುವಾಗ ಆ ಸಂಖ್ಯೆಗಳನ್ನು ಹೋಲಿಸಬಾರದು! ನಿಮ್ಮ 5ನೆಯ ಮನೆಯೂ ನಿಮ್ಮ ಎದುರಾಳಿಯ 5ನೆಯ ಮನೆಯೂ ಮಣೆಯ ಮೇಲೆ ಬೇರೆಬೇರೆ ಕಡೆ ಇವೆ. ಇಬ್ಬರ ಸಂಖ್ಯೆಯನ್ನೂ ಅವರವರ ದಾರಿಯ ಟೇಬಲ್‌ನಲ್ಲಿ ನೋಡಿ, ಸಿಕ್ಕ ಅಡ್ಡ-ಉದ್ದದ ಮನೆಗಳನ್ನು ಹೋಲಿಸಿ. ಇದು ನೀವು ಬಲ್ಲ ವಿಲುಕಪ್ಪೇ. ನಾಲ್ಕು ಕಟ್ಟೆಗಳಲ್ಲಿ ಕಡಿಯುವಂತಿಲ್ಲ ಎಂಬ ತಪಾಸಣೆಯನ್ನೂ ಅಲ್ಲೇ ಸೇರಿಸಿ.

ಲುವಾದ ಕೆಲವು ಕುತಂತ್ರಗಳನ್ನು ಮೊದಲೇ ಹೇಳಿಬಿಡುತ್ತೇನೆ. ವೇರಿಯಬಲ್ ಹೆಸರಿನ ಒಂದು ಅಕ್ಷರ ತಪ್ಪಿ ಬರೆದರೆ ಅದು ದೂರುವುದಿಲ್ಲ; ಹೊಸದೊಂದು ಖಾಲಿ ವೇರಿಯಬಲ್ ಎಂದುಕೊಂಡು ಸುಮ್ಮನಿರುತ್ತದೆ. ಆ ಖಾಲಿಯನ್ನು ಕೂಡಿಸಲು ಹೋದಾಗ ಮಾತ್ರ ನೀಲಿ ಪರದೆಯಲ್ಲಿ ನಿಲ್ ಎಂಬ ಪದವಿರುವ ದೂರು, ಜೊತೆಗೆ ಸಾಲಿನ ಸಂಖ್ಯೆ. ನಿಲ್ ಕಂಡರೆ ಮೊದಲು ಕಾಗುಣಿತ ನೋಡಿ. ಹೊಸ ವೇರಿಯಬಲ್ ಹುಟ್ಟಿಸುವಾಗ ಲೋಕಲ್ ಎಂದು ಮುಂದೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇನ್ನು ಬಣ್ಣ. 2018ರಲ್ಲಿ ಬಂದ ಲವ್ 11ರಿಂದ ಬಣ್ಣದ ಅಳತೆ 0ಯಿಂದ 1ರವರೆಗೆ. ಹಿಂದೆ 0ಯಿಂದ 255 ಇತ್ತು. ಹಳೆಯ ಪಾಠ ನೋಡಿ ಕಂದು ಬಣ್ಣಕ್ಕೆಂದು 120, 70, 20 ಕೊಟ್ಟರೆ ಮೂರೂ 1ಕ್ಕಿಂತ ಹೆಚ್ಚಾಗಿ ಅಚ್ಚ ಬಿಳಿ ಬರುತ್ತದೆ. ಕವಡೆಗೆ, ಮನಬಂದಂತೆ ಸಂಖ್ಯೆ ಎತ್ತಿಕೊಡುವ, ಲವ್‌ನದೇ ಮ್ಯಾತ್ ವಿಭಾಗದ ರ‍್ಯಾಂಡಮ್ ಬಳಸಿ. ಲುವಾದ ಸ್ವಂತ ರ‍್ಯಾಂಡಮ್ ಬಳಸಿದರೆ, ಬೇರೆ ಬೀಜಸಂಖ್ಯೆ (ಕ್ರಮ ಶುರುವಾಗುವ ಸಂಖ್ಯೆ) ಕೊಡದಿದ್ದಲ್ಲಿ, ಪ್ರತಿ ಸಲ ಆಟ ತೆರೆದಾಗಲೂ ಗರ ಅದೇ ಕ್ರಮದಲ್ಲಿ ಬೀಳುತ್ತದೆ. ತಂಗಿಯ ಮಕ್ಕಳು ಎರಡೇ ದಿನಕ್ಕೆ ಬಾಯಿಪಾಠ ಮಾಡಿಬಿಡುತ್ತಾರೆ.

ಹಾವುಪ್ರಿಯರ ಎಕ್ಸೆಲ್ ವಾದ ಗಟ್ಟಿಯಾದದ್ದು, ತಳ್ಳಿಹಾಕುವುದಿಲ್ಲ. ಕಚೇರಿಗೆ ಬೇಕಾದಾಗ ಪೈಥಾನ್ ಕಲಿಯಿರಿ. ಆದರೆ ಪೈಥಾನ್ ಗೊತ್ತಿಲ್ಲದ ತಂಗಿಗೆ ಪೈಥಾನ್ ಆಟ ಕಳುಹಿಸುವುದು ಬೇರೆಯೇ ಒಂದು ಕೆಲಸ. ಇಲ್ಲಿ ಫೋಲ್ಡರಿನ ಒಳಗಿರುವುದನ್ನು ಜಿಪ್ ಮಾಡಿ, ಹೆಸರಿನ ಬಾಲವನ್ನು ಡಾಟ್ ಲವ್ ಎಂದು ಬದಲಿಸಿ ಕಳುಹಿಸಿದರೆ ಮುಗಿಯಿತು. ಫೋಲ್ಡರನ್ನೇ ಜಿಪ್ ಮಾಡಿದರೆ ನಡೆಯದು, ಒಳಗಿನ ಫೈಲುಗಳನ್ನು ಆರಿಸಿ ಮಾಡಬೇಕು. ತಂಗಿಯ ಕಂಪ್ಯೂಟರಿನಲ್ಲೂ ಲವ್ ಇರಬೇಕು. ಆಂಡ್ರಾಯ್ಡ್ ಫೋನಿಗೂ ಅದರ ಆ್ಯಪ್ ಇದೆ.

ಇಷ್ಟೆಲ್ಲ ಹೇಳಿದ ಮೇಲೆ, ಕಂಪ್ಯೂಟರ್ ತೆರೆಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ: ನಿಮ್ಮ ಮನೆಯ ನಿಯಮಗಳನ್ನು ಕಾಗದದ ಮೇಲೆ ಬರೆಯಿರಿ. ಚೌಕ ಅಥವಾ ಬಾರ ಬಿದ್ದರೆ ಮತ್ತೆ ಕವಡೆ ಹಾಕುವುದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಗರಗಳನ್ನೂ ಹಾಕಿ ಮುಗಿಸಿ ಆಮೇಲೆ ಕಾಯಿ ನಡೆಸುವುದೋ, ಒಂದೊಂದು ಗರಕ್ಕೂ ಒಮ್ಮೆ ನಡೆಸುವುದೋ? ಕಡಿದವರಿಗೆ ಇನ್ನೊಂದು ಆಟ ಉಂಟೋ? ಒಂದೇ ಮನೆಯಲ್ಲಿ ಒಬ್ಬರದೇ ಎರಡು ಕಾಯಿ ಕೂತರೆ ಜೋಡಿಯೋ, ಜೋಡಿಯನ್ನು ಒಂಟಿ ಕಾಯಿ ಕಡಿಯಬಹುದೋ? ಹಣ್ಣಾಗಲು 2 ಬೇಕಿದ್ದಾಗ 3 ಬಿದ್ದರೆ ಗರ ವ್ಯರ್ಥವೋ, ಬೇರೆ ಕಾಯಿ ನಡೆಸಲೇಬೇಕೋ? ಜಗಲಿಯ ಮೇಲೆ ಆಡುವಾಗ ಯಾರ ಗಂಟಲು ದೊಡ್ಡದೋ ಅವರ ಮಾತು ನಡೆಯುತ್ತದೆ. ಕಂಪ್ಯೂಟರಿಗೆ ಮೊದಲೇ ಹೇಳಿಡಬೇಕು. ಆ ಕಾಗದ ಸಿದ್ಧವಾದರೆ ನಿಮ್ಮ ಅರ್ಧ ಕೋಡು ಕನ್ನಡದಲ್ಲಿ ಬರೆದು ಮುಗಿದಂತೆಯೇ.

ಮೊದಲ ದಿನ ಚಿತ್ರ ಬೇಡ, ಕವಡೆ ಬೇಡ. ಗೆರೆ ಎಳೆದ ಮಣೆ, ಒಂದು ವೃತ್ತ, ಸ್ಪೇಸ್ ಒತ್ತಿದರೆ ಆ ವೃತ್ತ ಒಂದು ಮನೆ ಮುಂದಕ್ಕೆ. ಅದು 25 ಮನೆ ಸುತ್ತಿ ನಡುಮನೆಯಲ್ಲಿ ನಿಂತರೆ ಅಂದಿನ ಕೆಲಸ ಸಾಕು, ಮಲಗಿ.

ಲೆಕ್ಕದ ಮೇಷ್ಟ್ರು

ಕವಡೆಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಬೀಳುವ ಗರ ಐದು ಬಗೆ: 1, 2, 3, ನಾಲ್ಕೂ ಮೇಲ್ಮುಖವಾದರೆ ಚೌಕ ಅಂದರೆ 4, ನಾಲ್ಕೂ ಕವುಚಿದರೆ ಬಾರ ಅಂದರೆ 8. ಹೊಸಬರು ಈ ಐದನ್ನು ಪಟ್ಟಿ ಮಾಡಿ ಅದರಲ್ಲಿ ಒಂದನ್ನು ಎತ್ತಿಬಿಡುತ್ತಾರೆ. ಆಗ ಬಾರ ಐದರಲ್ಲಿ ಒಂದು ಸಲ ಬೀಳುತ್ತದೆ, ಆಟ ಕೆಡುತ್ತದೆ. ನಾಲ್ಕು ಕವಡೆಗಳನ್ನು ಒಂದೊಂದಾಗಿ ಚಿಮ್ಮಿಸಿ ಮೇಲ್ಮುಖವಾದದ್ದನ್ನು ಎಣಿಸಬೇಕು. ಎರಡೂ ಮಗ್ಗುಲಿಗೆ ಸಮ ಅವಕಾಶ ಎಂದಿಟ್ಟುಕೊಂಡರೆ 16ರಲ್ಲಿ 6 ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಚೌಕ ಒಮ್ಮೆ, ಬಾರ ಒಮ್ಮೆ.

ನಿಜವಾದ ಕವಡೆಗೆ ಎರಡೂ ಮಗ್ಗುಲು ಸಮವಲ್ಲ ಎನ್ನಿ. ಒಂದು ಬದಿ ಉಬ್ಬು, ಇನ್ನೊಂದು ಚಪ್ಪಟೆ. ತೇಯ್ದ ಹುಣಸೆಬೀಜದ ಗುಣ ಮತ್ತೆ ಬೇರೆ. ನಿಮ್ಮ ಅಜ್ಜಿಯ ಕವಡೆ ಮನೆಯಲ್ಲಿದ್ದರೆ ನೂರು ಸಲ ಹಾಕಿ ಎಣಿಸಿ, ಒಟ್ಟು ನಾನೂರು ಬೀಳುವಿಕೆಯಲ್ಲಿ ಎಷ್ಟು ಮೇಲ್ಮುಖ ಎಂಬ ಪ್ರಮಾಣವನ್ನು ಕೋಡಿಗೆ ಕೊಡಿ. ಆಗ ಅದು ನಿಮ್ಮ ಮನೆಯದೇ ಕವಡೆ.

ವಸುಧಾ, ಸಾಗರ

ಎಲ್ಲರಿಗೂ ಧನ್ಯವಾದ. ಗದಗಿನ ಸರ್ ಹೇಳಿದಂತೆ ಲುವಾ ಹಿಡಿದೆ. ಕಾಯಿ ಸುತ್ತು ಹೊಡೆದು ನಡುಮನೆಗೆ ಹೋಗಿ ಕೂತಾಗ ಅಡುಗೆಮನೆಯಲ್ಲಿದ್ದವರನ್ನೆಲ್ಲ ಕೂಗಿ ಕರೆದು ತೋರಿಸಿದೆ. ಅಮ್ಮ "ಇಷ್ಟೇನಾ?" ಎಂದರು. ಆರರಿಂದ ಕಳೆಯುವ ಉಪಾಯ ಮಾತ್ರ ಅದ್ಭುತ, ನಾಲ್ಕು ಬಣ್ಣದ ಕಾಯಿಗಳೂ ಅವವುಗಳ ದಾರಿಯಲ್ಲೇ ಹೋಗುತ್ತಿವೆ. ಅಜ್ಜಿಯ ಕವಡೆಗಳನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ, ಈ ಭಾನುವಾರ ಎಣಿಕೆ.

ಕನ್ನಡದ್ದೇ ತೊಡಕು. ನೋಟೊ ಸಾನ್ಸ್ ಕನ್ನಡ ಅಕ್ಷರಶೈಲಿಯನ್ನು ಫೋಲ್ಡರಿನಲ್ಲಿ ಇಟ್ಟು ಕೊಟ್ಟೆ. ಚೌಕದ ಪೆಟ್ಟಿಗೆಗಳು ಹೋಗಿ ಅಕ್ಷರವೇನೋ ಬಂತು, ಆದರೆ 'ಸರದಿ'ಯಲ್ಲಿ ದಕಾರ ಒಂದು ಕಡೆ, ಗುಣಿಸು ಇನ್ನೊಂದು ಕಡೆ. 'ಹಣ್ಣು' ಎಂದು ಬರೆದರೆ ಒತ್ತು ಕೆಳಗಿಳಿಯದೆ ಎರಡು ಣಕಾರಗಳು ಪಕ್ಕಪಕ್ಕ ನಿಂತಿವೆ. ಅಕ್ಷರಶೈಲಿ ಬದಲಿಸಿದರೆ ಸರಿಹೋದೀತೇ?

ಅಚ್ಚುಮೊಳೆ

ಬದಲಿಸಿದರೂ ಅದೇ ಗತಿ. ದೋಷ ಅಕ್ಷರಶೈಲಿಯದಲ್ಲ. ಯೂನಿಕೋಡ್‌ನಲ್ಲಿ 'ಹಣ್ಣು' ಎಂದರೆ ಹ, ಣ, ಅರ್ಧಾಕ್ಷರದ ಚಿಹ್ನೆ, ಣ, ಉಕಾರ ಎಂದು ಐದು ಸಂಕೇತ ಮಾತ್ರ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವ ಕೆಲಸವನ್ನು ಬೇರೊಂದು ಎಂಜಿನ್ ಮಾಡಬೇಕು. ಬ್ರೌಸರುಗಳಲ್ಲಿ ಹೆಚ್ಚಾಗಿ ಹಾರ್ಫ್‌ಬಜ್ ಎಂಬುದು ಮಾಡುತ್ತದೆ. ಲವ್ 11ರಲ್ಲಿ ಅದಿಲ್ಲ. ಗೋಡೋ 4ರಲ್ಲಿ ಇದೆ, ಈ ಒಂದು ವಿಷಯದಲ್ಲಿ ಕಿರಣ ಗೆದ್ದ. ಪುಟಗಟ್ಟಲೆ ಕನ್ನಡ ಸಂಭಾಷಣೆ ಇರುವ ಆಟವಾಗಿದ್ದರೆ ನಾನೇ ನಿಮ್ಮನ್ನು ಅತ್ತ ಕಳುಹಿಸುತ್ತಿದ್ದೆ.

ಚೌಕಾಬಾರಕ್ಕೆ ಬೇಕಾದ ಪದಗಳು ಎಷ್ಟು? ಚೌಕ, ಬಾರ, ಹಣ್ಣು, ಸರದಿ, ಗೆಲುವು, ನಾಲ್ವರ ಹೆಸರು. ಇವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ದೊಡ್ಡದಾಗಿ ಬರೆದು, ಹಿನ್ನೆಲೆ ಪಾರದರ್ಶಕ ಇರುವ ಪಿಎನ್‌ಜಿ ಚಿತ್ರಗಳಾಗಿ ಹೊರತೆಗೆಯಿರಿ. ಬಾಲೂ ತಮ್ಮ ಅಕ್ಷರಶೈಲಿ ಮುಕ್ತ ಪರವಾನಗಿಯದು, ದುಂಡಗೆ ಇದೆ, ಆಟಕ್ಕೆ ಒಪ್ಪುತ್ತದೆ. ನೋಟೊ ಸ್ವಲ್ಪ ಸರ್ಕಾರಿ ಸುತ್ತೋಲೆಯ ಗಾಂಭೀರ್ಯದ್ದು. ಚಿತ್ರಗಳನ್ನು ಲೋಡ್ ಫಂಕ್ಷನ್ನಿನಲ್ಲಿ ಒಮ್ಮೆ ತೆರೆದಿಟ್ಟುಕೊಂಡು ಡ್ರಾದಲ್ಲಿ ತೋರಿಸಿ. ಡ್ರಾ ಒಳಗೇ ತೆರೆದರೆ ಸೆಕೆಂಡಿಗೆ ಅರವತ್ತು ಸಲ ಡಿಸ್ಕಿನಿಂದ ಓದುತ್ತ ನಿಮ್ಮ 4 ಜಿಬಿ ಏದುಸಿರು ಬಿಡುತ್ತದೆ. ಕನ್ನಡ ಅಂಕಿಗಳಿಗೆ ಒತ್ತೂ ಇಲ್ಲ ಗುಣಿಸೂ ಇಲ್ಲ, ಆದ್ದರಿಂದ ೧, ೨, ೩ ಎಂಬುವನ್ನು ಅಕ್ಷರಶೈಲಿಯಿಂದಲೇ ನೇರವಾಗಿ ಬರೆಯಬಹುದು. ಗರದ ಸಂಖ್ಯೆ ಕನ್ನಡದಲ್ಲೇ ಬರಲಿ.

ಅಚ್ಚುಕೂಟದವರ ಒಂದು ಕಳ್ಳದಾರಿಯೂ ಇದೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಅಕ್ಷರಶೈಲಿಗಳಲ್ಲಿ ಒತ್ತು, ಗುಣಿಸು ಎಲ್ಲವೂ ಬಿಡಿ ತುಣುಕುಗಳು, ಸಾಲಾಗಿ ಇಟ್ಟರೆ ಅಕ್ಷರವಾಗುತ್ತದೆ, ಕೂಡಿಸುವ ಎಂಜಿನ್ ಬೇಕಿಲ್ಲ. ಆದರೆ ಕೋಡಿನಲ್ಲಿ ಅದು ಯಾರಿಗೂ ಓದಲಾಗದ ಕಗ್ಗ. ಆ ಕಗ್ಗದ ಜೊತೆ ಏಗುವುದು ನನ್ನ ಹೊಟ್ಟೆಪಾಡು, ನಿಮಗೆ ಆ ಶಿಕ್ಷೆ ಬೇಡ.

ವಸುಧಾ, ಸಾಗರ

ಪದಗಳ ಚಿತ್ರ ಮಾಡಿದೆ, ಚೆನ್ನಾಗಿ ಬಂದಿವೆ. ನಿಯಮದ ಕಾಗದ ತಂಗಿಗೆ ಕಳುಹಿಸಿದ್ದಕ್ಕೆ ಫೋನಿನಲ್ಲೇ ಜಗಳ. ಸತತ ಮೂರು ಸಲ ಚೌಕವೋ ಬಾರವೋ ಬಿದ್ದರೆ ಮೂರೂ ರದ್ದು ಎಂದು ನಾನು, ಅಂಥ ನಿಯಮವೇ ಇರಲಿಲ್ಲ ಎಂದು ಅವಳು. ಸದ್ಯ ಆಟದ ಆರಂಭದಲ್ಲಿ ಕೇಳಿ ಆಯ್ದುಕೊಳ್ಳುವಂತೆ ಮಾಡಿದ್ದೇನೆ. ಆದರೆ ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಎಷ್ಟು ಕವಡೆ ಹಾಕಿದರೂ ಮೂರು ಒಟ್ಟಿಗೆ ಬೀಳುತ್ತಲೇ ಇಲ್ಲ.

ಲೆಕ್ಕದ ಮೇಷ್ಟ್ರು

ಬೀಳುವುದೂ ಕಷ್ಟ. ಚೌಕ ಅಥವಾ ಬಾರ ಎರಡೂ ಸೇರಿ ಎಂಟರಲ್ಲಿ ಒಂದು. ಸತತ ಮೂರು ಎಂದರೆ 512ರಲ್ಲಿ ಒಂದು.

ಅಚ್ಚುಮೊಳೆ

ಪರೀಕ್ಷೆಗೆಂದು ಕಳ್ಳಗುಂಡಿ ಇಟ್ಟುಕೊಳ್ಳಿ. ಲವ್‌ನಲ್ಲಿ ಕೀಪ್ರೆಸ್ಡ್ ಎಂಬ ಫಂಕ್ಷನ್ ಇದೆ. ಅದರಲ್ಲಿ ಎಂಟರ ಕೀಲಿ ಒತ್ತಿದರೆ ಗರ 8 ಎಂದೂ ನಾಲ್ಕರ ಕೀಲಿ ಒತ್ತಿದರೆ 4 ಎಂದೂ ಬರೆದುಬಿಡಿ. ಮೂರು ಸಲ ಒತ್ತಿ, ನಿಯಮ ನಡೆಯುತ್ತದೋ ಇಲ್ಲವೋ ನೋಡಿ. ತಂಗಿಗೆ ಕಳುಹಿಸುವ ಮುನ್ನ ಆ ಸಾಲುಗಳನ್ನು ಮರೆಯದೆ ತೆಗೆಯಿರಿ.

ವಸುಧಾ, ಸಾಗರ

ನಿಯಮ ನಡೆಯುತ್ತಿದೆ ಸರ್. ತಂಗಿಯ ಪ್ರತಿಯಿಂದ ಆ ಸಾಲುಗಳನ್ನು ತೆಗೆದೆ. ನನ್ನ ಪ್ರತಿಯಲ್ಲಿ ಇರಲಿ, ದಸರೆಗೆ ಅವರೆಲ್ಲ ಇಲ್ಲಿಗೇ ಬರುತ್ತಿದ್ದಾರೆ.